ಪ್ರಾಸ್ಟೇಟ್ ಆಪರೇಷನ್ ನಂತರ ಮೂತ್ರ ಸೋರುತ್ತಿದೆಯಾ? ಸರ್ಜರಿಗೆ ಮುನ್ನ, ಸರ್ಜರಿಯ ನಂತರ

ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ, ಅದರ ಕ್ಯಾನ್ಸರಿಗೆ ಆಪರೇಷನ್ ಆಗಿದೆ. ಗಡ್ಡೆ ಹೋಗಿದೆ, ರಕ್ತದ ರಿಪೋರ್ಟ್ ಚೆನ್ನಾಗಿದೆ, ಮನೆಯವರೆಲ್ಲ ನಿರಾಳ. ಆಪರೇಷನ್ ಆದವರು ಮಾತ್ರ ಮದುವೆ ಮನೆಗೆ ಬರುವುದಿಲ್ಲ, ಬಸ್ಸು ಹತ್ತುವುದಿಲ್ಲ, ಬಿಳಿ ಪಂಚೆ ಉಡುವುದಿಲ್ಲ. ಕೆಮ್ಮಿದರೆ ಒದ್ದೆ, ಕುರ್ಚಿಯಿಂದ ಎದ್ದರೆ ಒದ್ದೆ. "ಇದಕ್ಕೇನಾದರೂ ಮಾಡಬಹುದಾ, ಇಲ್ಲ ಇನ್ನು ಹೀಗೇನಾ?" ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಹೆಂಡತಿ ಅಥವಾ ಮಗಳು. ತೊಂದರೆ ಇರುವವರು ಹಿಂದೆ ಸುಮ್ಮನೆ ಕೂತಿರುತ್ತಾರೆ.

ಮಾಡಬಹುದು. ಒಳ್ಳೆಯ ಆಪರೇಷನ್‌ಗಳೇ ಇವೆ. ಆದರೆ ಥಿಯೇಟರಿನ ಒಂದೆರಡು ಗಂಟೆಗಿಂತ ಅದರ ಹಿಂದಿನ ತಿಂಗಳುಗಳಲ್ಲಿ, ಮುಂದಿನ ವಾರಗಳಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದು ಜಾಸ್ತಿ ಮುಖ್ಯ. ಅದಕ್ಕೇ ಒಂದೊಂದೇ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದ ಬಿಡಿಸೋಣ. ಡಾಕ್ಟರು ಇದನ್ನು "ಸ್ಟ್ರೆಸ್ ಇನ್‌ಕಾಂಟಿನೆನ್ಸ್" ಎನ್ನುತ್ತಾರೆ. ಸ್ಟ್ರೆಸ್ ಎಂದ ಕೂಡಲೇ ಟೆನ್ಷನ್ ಮಾಡಿಕೊಂಡಿದ್ದಕ್ಕೆ ಬಂತು ಅಂದುಕೊಳ್ಳುವವರಿದ್ದಾರೆ. ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸ್ಟ್ರೆಸ್ ಎಂದರೆ ಹೊಟ್ಟೆಯ ಮೇಲೆ ಬೀಳುವ ಒತ್ತಡ: ಕೆಮ್ಮು, ಸೀನು, ನಗು, ಭಾರ ಎತ್ತುವುದು. ಗಂಡಸರಿಗೆ ಮೂತ್ರ ತಡೆಯಲು ಎರಡು ಬಾಗಿಲುಗಳಿವೆ. ಒಂದು ಮೂತ್ರಕೋಶದ ಕುತ್ತಿಗೆಯಲ್ಲಿ, ಇನ್ನೊಂದು ಪ್ರಾಸ್ಟೇಟಿನ ಕೆಳಗೆ. ಕ್ಯಾನ್ಸರಿಗಾಗಿ ಪ್ರಾಸ್ಟೇಟನ್ನು ಪೂರ್ತಿ ತೆಗೆದಾಗ ಮೇಲಿನ ಬಾಗಿಲಿನ ಕೆಲಸ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಉಳಿಯುವುದು ಕೆಳಗಿನ ಸ್ನಾಯುವಿನ ಉಂಗುರ. ಅದರ ಹೆಸರು ಸ್ಫಿಂಕ್ಟರ್. ಅದಕ್ಕೂ ಪೆಟ್ಟಾಗಿದ್ದರೆ ಸೋರುತ್ತದೆ. ವಯಸ್ಸಿಗೆ ದಪ್ಪವಾದ ಪ್ರಾಸ್ಟೇಟನ್ನು ಒಳಗಿಂದ ಹೆರೆದು ತೆಗೆದವರಲ್ಲೂ ಹೀಗಾಗುವುದುಂಟು, ಆದರೆ ಅಪರೂಪ.

ಹಂತ 1: ಕಾಯಿರಿ, ಆದರೆ ಕೈಕಟ್ಟಿ ಕೂರಬೇಡಿ

ಕ್ಯಾಥೆಟರ್, ಅಂದರೆ ಮೂತ್ರದ ಪೈಪು, ತೆಗೆದ ದಿನ ಬಹುತೇಕ ಎಲ್ಲರಿಗೂ ಸೋರುತ್ತದೆ. ವಾರ ಕಳೆದಂತೆ ಕಡಿಮೆಯಾಗುತ್ತದೆ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿಯೇ ಹತೋಟಿಗೆ ಬರುತ್ತದೆ. ಆದ್ದರಿಂದ ಎರಡನೇ ತಿಂಗಳಿಗೇ ಸರ್ಜರಿ ಕೇಳಿಕೊಂಡು ಓಡಬೇಡಿ. ಮೂರು ವರ್ಷ ಪ್ಯಾಡ್ ಹಾಕಿಕೊಂಡು ಸಹಿಸುವುದೂ ಬೇಡ. ಆರು ತಿಂಗಳಾದರೂ ಸುಧಾರಣೆ ಕಾಣದಿದ್ದರೆ ಮಾತುಕತೆ ಶುರು ಮಾಡಬಹುದು. ವರ್ಷ ತುಂಬಿದರೂ ಸೋರುತ್ತಿದ್ದರೆ ಸರ್ಜರಿ ಬಗ್ಗೆ ಗಟ್ಟಿಯಾಗಿಯೇ ಕೇಳಬೇಕು.

ಈ ಕಾಯುವ ಸಮಯದ ಕೆಲಸ ಕೆಗೆಲ್ ವ್ಯಾಯಾಮ. ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೋಗದಂತೆ ಬಿಗಿ ಹಿಡಿಯುತ್ತೀರಲ್ಲ, ಆ ಸ್ನಾಯು. ಅದನ್ನು ಮೇಲಕ್ಕೆ ಎಳೆದಂತೆ ಬಿಗಿದು 5ರಿಂದ 10 ಸೆಕೆಂಡು ಹಿಡಿಯಿರಿ, ಅಷ್ಟೇ ಹೊತ್ತು ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವವರಿದ್ದಾರೆ. ಸರಿಯಾದ ಸ್ನಾಯು ಯಾವುದೆಂದು ಗುರುತಿಸಲು ಒಮ್ಮೆ ಮಾಡಿ ನೋಡಿದರೆ ಸಾಕು, ದಿನಾ ಬೇಡ. ಕುರ್ಚಿಯಿಂದ ಏಳುವ ಮುನ್ನ, ಕೆಮ್ಮು ಬರುವ ಮುನ್ನ ಆ ಸ್ನಾಯುವನ್ನು ಬಿಗಿದುಕೊಳ್ಳುವುದು ಅಭ್ಯಾಸವಾದರೆ ಅರ್ಧ ಗೆದ್ದಂತೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ನೀರು ಕುಡಿಯುವುದನ್ನು ಕಡಿಮೆ ಮಾಡುವುದು. ಮೂತ್ರ ಗಟ್ಟಿಯಾದಷ್ಟು ಮೂತ್ರಕೋಶ ಕೆರಳುತ್ತದೆ, ಸೋಂಕೂ ಬರುತ್ತದೆ. ನೀರು ಬಿಡಬೇಡಿ. ಬೇಕಾದರೆ ಕಾಫಿಯಲ್ಲಿ ಎರಡು ಲೋಟ ಕಡಿಮೆ ಮಾಡಿ.

ಹಂತ 2: ಸೋರಿಕೆಯನ್ನು ತೂಗಿ

ನನಗೆ ಕೇಳಿದರೆ ಇಡೀ ಪ್ರಕ್ರಿಯೆಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಕೆಲಸ ಇದು. ಡಾಕ್ಟರ ಮುಂದೆ ಕೂತು "ಸ್ವಲ್ಪ ಹೋಗುತ್ತೆ ಸಾರ್" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ದಿನಕ್ಕೆ ಎಷ್ಟು ಪ್ಯಾಡ್ ಎಂದು ಎಣಿಸಿದರೂ ಸಾಲದು. ಒಬ್ಬರು ಎರಡು ಹನಿ ಬಿದ್ದರೆ ಬದಲಾಯಿಸುತ್ತಾರೆ, ಇನ್ನೊಬ್ಬರು ದುಡ್ಡು ಉಳಿಸಲು ತೊಟ್ಟಿಕ್ಕುವವರೆಗೂ ಇಟ್ಟುಕೊಳ್ಳುತ್ತಾರೆ.

ಅಡುಗೆಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ತಕ್ಕಡಿ ಸಾಕು. ಬೆಳಿಗ್ಗೆ ಒಂದು ಒಣ ಪ್ಯಾಡ್ ತೂಗಿ, ಬರೆದಿಡಿ. ಅಲ್ಲಿಂದ 24 ಗಂಟೆ, ಬದಲಾಯಿಸಿದ ಪ್ರತಿ ಪ್ಯಾಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಬಿಟ್ಟರೆ ಆರಿಹೋಗುತ್ತದೆ. ಮರುದಿನ ಬೆಳಿಗ್ಗೆ ಒಟ್ಟಿಗೆ ತೂಗಿ. ಒಣ ಪ್ಯಾಡ್ 30 ಗ್ರಾಂ, ನಾಲ್ಕು ಬಳಸಿದ್ದೀರಿ, ಅಂದರೆ 120 ಗ್ರಾಂ. ಒದ್ದೆಯಾದವು ಒಟ್ಟು 430 ಗ್ರಾಂ ತೂಗಿದರೆ ಸೋರಿದ್ದು 310 ಗ್ರಾಂ. ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿ ಲೀಟರ್. ಮನೆಯಲ್ಲೇ ಕೂತ ದಿನ ಬೇಡ, ಓಡಾಟವಿರುವ ಮಾಮೂಲಿ ದಿನ ಮಾಡಿ.

200 ಗ್ರಾಂ ಒಳಗಿದ್ದರೆ ಸಣ್ಣ ಸೋರಿಕೆ, 200ರಿಂದ 400 ಮಧ್ಯಮ, 400 ದಾಟಿದರೆ ಜಾಸ್ತಿ ಎಂದು ಸುಮಾರಾಗಿ ಲೆಕ್ಕ. ಯಾವ ಆಪರೇಷನ್ ಎಂಬುದು ಬಹಳಮಟ್ಟಿಗೆ ಈ ಸಂಖ್ಯೆಯ ಮೇಲೇ ನಿಲ್ಲುತ್ತದೆ.

ಜೊತೆಗೆ ಮೂರು ದಿನದ ಡೈರಿ ಬರೆಯಿರಿ. ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಿ, ಯಾವಾಗ ಎಷ್ಟು ಮೂತ್ರ ಹೋಯಿತು, ಸೋರಿದಾಗ ಏನು ಮಾಡುತ್ತಿದ್ದಿರಿ. ಈ ಕೊನೆಯದನ್ನು ಮರೆಯಬೇಡಿ. ಎದ್ದಾಗ, ಕೆಮ್ಮಿದಾಗ ಸೋರಿದರೆ ಅದು ಸ್ಟ್ರೆಸ್ ಸೋರಿಕೆ. ಇದ್ದಕ್ಕಿದ್ದಂತೆ ಅವಸರವಾಗಿ, ಬಚ್ಚಲಿಗೆ ಹೋಗುವಷ್ಟರಲ್ಲಿ ಆಗಿಬಿಟ್ಟರೆ ಅದು ಬೇರೆ, ಮೂತ್ರಕೋಶದ ಚಡಪಡಿಕೆ. ಅದಕ್ಕೆ ಮಾತ್ರೆಗಳಿವೆ. ಇಲ್ಲಿ ಹೇಳುವ ಆಪರೇಷನ್‌ಗಳಿಂದ ಅದು ವಾಸಿಯಾಗುವುದಿಲ್ಲ. ಎರಡೂ ಇರುವವರು ಇದನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಆಮೇಲೆ ಬೇಸರವಾಗುತ್ತದೆ.

ಹಂತ 3: ಪರೀಕ್ಷೆಗಳು

ಯುರಾಲಜಿಸ್ಟ್, ಅಂದರೆ ಮೂತ್ರದ ತೊಂದರೆಗಳ ತಜ್ಞ ಡಾಕ್ಟರ ಹತ್ತಿರ ಹೋಗಿ. ಅದರಲ್ಲೂ ಈ ಆಪರೇಷನ್ ಮಾಡಿ ಅಭ್ಯಾಸವಿರುವವರ ಹತ್ತಿರ. "ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ?" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಸರ್ಜನ್‌ಗೆ ಇದರಿಂದ ಸಿಟ್ಟು ಬರುವುದಿಲ್ಲ.

ಮೂತ್ರ ಪರೀಕ್ಷೆ ಮತ್ತು ಕಲ್ಚರ್ ಮಾಡಿಸುತ್ತಾರೆ. ಕಲ್ಚರ್ ಎಂದರೆ ಸೋಂಕು ಇದೆಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವುದು. ಆಮೇಲೆ ಸಿಸ್ಟೋಸ್ಕೋಪಿ: ಮೂತ್ರನಾಳದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ಪ್ರಾಸ್ಟೇಟ್ ತೆಗೆದು ಹೊಲಿದ ಜಾಗ ಕೆಲವರಲ್ಲಿ ಗಾಯದ ಕಲೆಯಂತೆ ಬಿಗಿದು ಕಿರಿದಾಗಿರುತ್ತದೆ. ಹಾಗಿದ್ದರೆ ಮೊದಲು ಅದನ್ನು ಬಿಡಿಸಿ, ಮತ್ತೆ ಮುಚ್ಚಿಕೊಳ್ಳುತ್ತಿಲ್ಲ ಎಂದು ಕೆಲವು ತಿಂಗಳು ನೋಡಿ, ಆಮೇಲೇ ಮುಂದಿನ ಮಾತು. ಈ ಪರೀಕ್ಷೆ ಬಿಟ್ಟು ನೇರ ಆಪರೇಷನ್ ಎಂದರೆ ಒಪ್ಪಬೇಡಿ.

ಕೆಲವರಿಗೆ ಯುರೋಡೈನಾಮಿಕ್ಸ್ ಕೂಡ ಬೇಕಾಗುತ್ತದೆ. ಮೂತ್ರಕೋಶಕ್ಕೆ ಸಣ್ಣ ನಳಿಕೆಯಿಂದ ನೀರು ತುಂಬಿಸಿ ಒಳಗಿನ ಒತ್ತಡ ಅಳೆಯುತ್ತಾರೆ, ಕೆಮ್ಮಲು ಹೇಳುತ್ತಾರೆ. ನೋವಿಗಿಂತ ಮುಜುಗರ ಜಾಸ್ತಿ. ಅರ್ಧ ಗಂಟೆ, ಸಹಿಸಿಕೊಳ್ಳಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಖಾಸಗಿ ಆಸ್ಪತ್ರೆಗೆ ಕಾಲಿಡುವ ಮುನ್ನ ಅಲ್ಲೊಮ್ಮೆ ತೋರಿಸಿಕೊಂಡು ಬರಬಹುದು.

ಹಂತ 4: ಯಾವ ಆಪರೇಷನ್?

ಮೂತ್ರನಾಳದ ಗೋಡೆಗೆ ಇಂಜೆಕ್ಷನ್ ಕೊಟ್ಟು ಉಬ್ಬಿಸುವ ವಿಧಾನವೊಂದಿದೆ. ಸುಲಭ, ಆದರೆ ಗಂಡಸರಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಹೊರಗಿನಿಂದ ದ್ರವ ತುಂಬಿ ಹೊಂದಿಸುವ ಪಟ್ಟಿ, ಬಲೂನುಗಳೂ ಇವೆ. ನಿಜವಾದ ಆಯ್ಕೆ ಬಹುತೇಕ ಎರಡರ ನಡುವೆ.

ಮೊದಲನೆಯದು ಸ್ಲಿಂಗ್. ಬೀಜದ ಚೀಲ ಮತ್ತು ಗುದದ್ವಾರದ ನಡುವೆ ಸಣ್ಣ ಗಾಯ ಮಾಡಿ, ಬಲೆಯಂಥ ಪ್ಲಾಸ್ಟಿಕ್ ಪಟ್ಟಿಯನ್ನು ಮೂತ್ರನಾಳದ ಕೆಳಗೆ ಹಾಯಿಸುತ್ತಾರೆ. ಎರಡು ತುದಿಗಳನ್ನು ತೊಡೆಸಂದಿಯ ಕಡೆಯಿಂದ ಹೊರಗೆಳೆದು ನಾಳವನ್ನು ಸ್ವಲ್ಪ ಮೇಲಕ್ಕೆತ್ತುತ್ತಾರೆ. ಜೋತುಬಿದ್ದ ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿದು ಕಟ್ಟಿದ ಹಾಗೆ. ನೀವು ಏನೂ ಒತ್ತಬೇಕಿಲ್ಲ, ತಿರುಗಿಸಬೇಕಿಲ್ಲ. ಸಣ್ಣ, ಮಧ್ಯಮ ಸೋರಿಕೆಯವರಿಗೆ, ಅದರಲ್ಲೂ ರಾತ್ರಿ ಮಲಗಿದಾಗ ಒಣಗಿರುವವರಿಗೆ ಒಳ್ಳೆಯದು. ರೇಡಿಯೇಷನ್ ತೆಗೆದುಕೊಂಡಿದ್ದರೆ ಫಲ ಕಡಿಮೆ.

ಎರಡನೆಯದು ಕೃತಕ ಸ್ಫಿಂಕ್ಟರ್. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರಾಂಟ್ಲಿ ಸ್ಕಾಟ್ ಎಂಬ ಸರ್ಜನ್ 1972ರಲ್ಲಿ ಇದನ್ನು ಮೊದಲು ಅಳವಡಿಸಿದರು. ಈಗ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಎಂಎಸ್ 800 ಎಂಬ ಮಾದರಿ 1980ರ ದಶಕದ ಆರಂಭದ್ದು. ಸಿಲಿಕೋನ್‌ನ ಮೂರು ಭಾಗಗಳು. ಮೂತ್ರನಾಳದ ಸುತ್ತ ಒಂದು ಪಟ್ಟಿ, ಅದಕ್ಕೆ ಕಫ್ ಎನ್ನುತ್ತಾರೆ, ಬಿಪಿ ನೋಡುವಾಗ ತೋಳಿಗೆ ಸುತ್ತುವುದರ ಪುಟ್ಟ ತಮ್ಮ. ಹೊಟ್ಟೆಯ ಕೆಳಭಾಗದೊಳಗೆ ಒಂದು ಬಲೂನು. ಬೀಜದ ಚೀಲದಲ್ಲಿ ಒಂದು ಪಂಪು. ಮೂರಕ್ಕೂ ಸಣ್ಣ ಕೊಳವೆಗಳ ಸಂಪರ್ಕ, ಒಳಗೆಲ್ಲ ದ್ರವ. ಕಫ್ ಸದಾ ಉಬ್ಬಿಕೊಂಡು ನಾಳವನ್ನು ಮುಚ್ಚಿರುತ್ತದೆ. ಒಂದಕ್ಕೆ ಹೋಗಬೇಕೆನಿಸಿದಾಗ ಪಂಪನ್ನು ಒತ್ತಿದರೆ ದ್ರವ ಬಲೂನಿಗೆ ಹೋಗಿ ಕಫ್ ಸಡಿಲವಾಗುತ್ತದೆ. ಕೆಲವು ನಿಮಿಷದಲ್ಲಿ ತಾನಾಗಿಯೇ ಮತ್ತೆ ತುಂಬಿ ಮುಚ್ಚಿಕೊಳ್ಳುತ್ತದೆ. ಬ್ಯಾಟರಿ ಇಲ್ಲ, ಹೊರಗೆ ಏನೂ ಕಾಣುವುದಿಲ್ಲ.

ಜಾಸ್ತಿ ಸೋರಿಕೆ ಇದ್ದರೆ, ರೇಡಿಯೇಷನ್ ಆಗಿದ್ದರೆ, ಸ್ಲಿಂಗ್ ಸೋತಿದ್ದರೆ ಇದೇ ಸರಿ. ಆದರೆ ಎರಡು ಪ್ರಶ್ನೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಬೆರಳುಗಳಲ್ಲಿ ಹಿಡಿತ ಇದೆಯಾ? ಪಂಪು ಒತ್ತಬೇಕು ಎನ್ನುವುದು ದಿನಾ ನೆನಪಿರುತ್ತದಾ? ಕೈ ನಡುಕವಿದ್ದರೆ, ಮರೆವಿನ ಕಾಯಿಲೆ ಶುರುವಾಗಿದ್ದರೆ ಈ ಯಂತ್ರ ಕಷ್ಟ. ಇದನ್ನು ಮನೆಯವರು ಮುಚ್ಚಿಡಬಾರದು.

ಇದು ಶಾಶ್ವತವೂ ಅಲ್ಲ. ರಬ್ಬರಿನಂಥ ವಸ್ತು, ಸವೆಯುತ್ತದೆ. 10 ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ರಿಪೇರಿಗೋ ಬದಲಾವಣೆಗೋ ಇನ್ನೊಂದು ಸರ್ಜರಿ ಬೇಕಾಗುತ್ತದೆ. ಇನ್ನು, "ಪೂರ್ತಿ ಒಣಗುತ್ತಾ?" ಎಂದು ಕೇಳಿದರೆ, ಕೆಲವರಿಗೆ ಆಗುತ್ತದೆ. ಹಲವರಿಗೆ ದಿನಕ್ಕೊಂದು ತೆಳ್ಳಗಿನ ಪ್ಯಾಡ್ ಉಳಿಯುತ್ತದೆ. ಐದು ಪ್ಯಾಡಿನಿಂದ ಒಂದಕ್ಕೆ ಇಳಿದವರಿಗೆ ಅದು ಸಣ್ಣ ವಿಷಯವಲ್ಲ, ಅಲ್ವಾ?

ದುಡ್ಡಿನ ಮಾತು: ಸ್ಲಿಂಗ್‌ಗಿಂತ ಕೃತಕ ಸ್ಫಿಂಕ್ಟರ್ ಬಹಳ ದುಬಾರಿ, ಬರೀ ಯಂತ್ರಕ್ಕೇ ಕೆಲವು ಲಕ್ಷ. ಆಸ್ಪತ್ರೆ ಕೊಡುವ ಅಂದಾಜಿನಲ್ಲಿ ಯಂತ್ರದ ಬೆಲೆ ಸೇರಿದೆಯಾ ಎಂದು ನೋಡಿ. ವಿಮೆ ಕಂಪನಿಯಿಂದ ಇಂಪ್ಲಾಂಟ್‌ಗೆ ಎಷ್ಟು ಕೊಡುತ್ತಾರೆ ಎಂಬುದನ್ನು ಮೊದಲೇ ಲಿಖಿತವಾಗಿ ತರಿಸಿಕೊಳ್ಳಿ. ಫೋನಿನಲ್ಲಿ "ಆಗುತ್ತೆ ಸಾರ್" ಎಂದದ್ದು ಬಿಲ್ ಕೌಂಟರಿನಲ್ಲಿ ನಡೆಯುವುದಿಲ್ಲ.

ಹಂತ 5: ಆಪರೇಷನ್‌ಗೆ ತಯಾರಿ

ದೇಹದೊಳಗೆ ಹೊರಗಿನ ವಸ್ತು ಇಡುವಾಗ ದೊಡ್ಡ ಶತ್ರು ಸೋಂಕು. ಒಮ್ಮೆ ಸೋಂಕು ಹಿಡಿದರೆ ಆ ವಸ್ತುವನ್ನು ತೆಗೆಯಲೇಬೇಕಾಗುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಮೂತ್ರದ ಕಲ್ಚರ್ ಸ್ವಚ್ಛವಾಗಿರಬೇಕು. ಬೀಡಿ, ಸಿಗರೇಟು ಬಿಡಬೇಕು. ಗಾಯ ಮಾಯುವುದಕ್ಕೂ ಅದು ಅಡ್ಡಿ, ಕೆಮ್ಮಿಗೂ ಅದೇ ಕಾರಣ.

ಹೆಚ್ಚಿನವರು ಗಮನಿಸದ್ದು ತೊಡೆಸಂದಿಯ ಚರ್ಮ. ತಿಂಗಳುಗಟ್ಟಲೆ ಒದ್ದೆ ಪ್ಯಾಡ್, ಮೇಲೆ ಬೆವರು. ಕರಾವಳಿಯವರಿಗಂತೂ ಹೇಳುವುದೇ ಬೇಡ. ಅಲ್ಲಿ ಹುಳುಕಡ್ಡಿ, ಕೆಂಪು ಗುಳ್ಳೆ, ಬಿರುಕು ಇದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಒಂದು ತಿಂಗಳ ಮೊದಲೇ ಚರ್ಮದ ಡಾಕ್ಟರಿಗೆ ತೋರಿಸಿ ಗುಣಮಾಡಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ, ಹುಳುಕಡ್ಡಿ ಹಬ್ಬುತ್ತದೆ. ಹಿಂದಿನ ದಿನ ಮನೆಯಲ್ಲಿ ಬ್ಲೇಡ್ ಹಿಡಿದು ಕೂದಲು ಬೋಳಿಸುವುದೂ ಬೇಡ. ಸಣ್ಣ ಗೀರಿನಿಂದಲೇ ಕೀಟಾಣು ಒಳಹೋಗುತ್ತದೆ. ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹಾಗೆಂದು ಸರ್ಜನ್‌ಗೆ ಹೇಳದೆಯೂ ಇರಬೇಡಿ.

ಮನೆಯಲ್ಲಿ ಇಂಡಿಯನ್ ಕಕ್ಕಸು ಮಾತ್ರ ಇದೆಯಾ? ಕುಕ್ಕರಗಾಲಿನಲ್ಲಿ ಕೂರುವುದು ಆರು ವಾರ ಪೂರ್ತಿ ನಿಷೇಧ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ಈಗಲೇ ತಂದಿಡಿ. ಆಸ್ಪತ್ರೆಯಿಂದ ಬಂದ ರಾತ್ರಿ ಹುಡುಕುವ ವಸ್ತುವಲ್ಲ ಅದು.

ಹಂತ 6: ಆಪರೇಷನ್ ಮತ್ತು ಮೊದಲ ಆರು ವಾರ

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಒಂದೆರಡು ದಿನ. ಕ್ಯಾಥೆಟರನ್ನು ಸಾಮಾನ್ಯವಾಗಿ ಮರುದಿನವೇ ತೆಗೆಯುತ್ತಾರೆ. ಸ್ಲಿಂಗ್ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಊತದಿಂದ ಮೂತ್ರ ಕಟ್ಟಿಕೊಳ್ಳುತ್ತದೆ, ಕೆಲವು ದಿನ ಮತ್ತೆ ಕ್ಯಾಥೆಟರ್ ಇರಬೇಕಾಗುತ್ತದೆ. ಗಾಬರಿ ಬೇಡ, ಬಹುಪಾಲು ಇಳಿಯುತ್ತದೆ. ಬೀಜದ ಚೀಲ ಊದಿ ನೇರಳೆ ಬಣ್ಣಕ್ಕೆ ತಿರುಗುವುದೂ ಮಾಮೂಲಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕೆಳಗೆ ಮಡಿಚಿದ ಟವೆಲ್ ಕೊಟ್ಟು ಎತ್ತರಿಸಿ ಮಲಗಿ.

ಈಗ ಇಡೀ ಲೇಖನದಲ್ಲಿ ನೆನಪಿಡಬೇಕಾದ ಮಾತು. ಕೃತಕ ಸ್ಫಿಂಕ್ಟರ್ ಹಾಕಿದ ಕೂಡಲೇ ಸೋರಿಕೆ ನಿಲ್ಲುವುದಿಲ್ಲ. ಗಾಯ ಮಾಯಲೆಂದು ಸರ್ಜನ್ ಕಫ್ಫನ್ನು ಬೇಕೆಂದೇ ತೆರೆದು, ಪಂಪಿನ ಗುಂಡಿ ಒತ್ತಿ ಆಫ್ ಮಾಡಿಟ್ಟಿರುತ್ತಾರೆ. ನಾಲ್ಕರಿಂದ ಆರು ವಾರ ಮೊದಲಿನ ಹಾಗೇ ಸೋರುತ್ತದೆ. ಇದನ್ನು ಹೇಳಿದ್ದರೂ ತಲೆಗೆ ಹೋಗಿರುವುದಿಲ್ಲ. ಮೂರನೇ ದಿನ "ಇಷ್ಟು ದುಡ್ಡು ಸುರಿದು ಆಪರೇಷನ್ ಫೇಲ್ ಆಯ್ತು" ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ನೀವೇ ಪಂಪು ಹುಡುಕಿ ಒತ್ತಿ ನೋಡಲು ಹೋಗಬೇಡಿ. ಪ್ಯಾಡ್ ಸ್ಟಾಕ್ ಇಟ್ಟುಕೊಂಡಿರಿ. ಪಂಪು ಮೇಲಕ್ಕೆ ಸರಿಯದಂತೆ ದಿನಕ್ಕೊಮ್ಮೆ ಮೆಲ್ಲಗೆ ಕೆಳಕ್ಕೆ ಎಳೆಯಲು ಕೆಲವು ಸರ್ಜನ್‌ಗಳು ಹೇಳುತ್ತಾರೆ. ಹೇಳಿದ್ದರೆ ಮಾತ್ರ ಮಾಡಿ.

ಸ್ಲಿಂಗ್‌ನದು ತಿರುಗುಮುರುಗು. ಮೊದಲ ದಿನವೇ ಒಣಗಿದಂತೆ ಕಾಣುತ್ತದೆ, ಅದೇ ಅಪಾಯ. ವಾಸಿಯಾಯಿತೆಂದು ಹುಮ್ಮಸ್ಸಿನಲ್ಲಿ ಓಡಾಡುತ್ತಾರೆ. ಪಟ್ಟಿಯ ಸುತ್ತ ಮಾಂಸ ಬೆಳೆದು ಹಿಡಿದುಕೊಳ್ಳಲು ವಾರಗಳು ಬೇಕು. ಅಷ್ಟರೊಳಗೆ ಕಾಲು ಅಗಲಿಸಿ ಬಗ್ಗಿದರೆ, ಕುಕ್ಕರಗಾಲಿನಲ್ಲಿ ಕೂತರೆ ಪಟ್ಟಿ ಜಾರುತ್ತದೆ. ಜಾರಿದರೆ ಹಳೆಯ ಕಥೆಯೇ.

ಇಬ್ಬರಿಗೂ ಆರು ವಾರ ಇವು ಬೇಡ: 5 ಕೆಜಿಗಿಂತ ಭಾರ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಸೈಕಲ್, ಬೈಕ್, ಸ್ಕೂಟರ್, ಗುಂಡಿ ಬಿದ್ದ ರಸ್ತೆಯಲ್ಲಿ ದೂರದ ಬಸ್ ಪ್ರಯಾಣ. 20 ಲೀಟರಿನ ನೀರಿನ ಕ್ಯಾನ್ ಮುಟ್ಟಬೇಡಿ. ಗ್ಯಾಸ್ ಸಿಲಿಂಡರ್ ಹುಡುಗರು ಒಳಗಿಡಲಿ. ಮೊಮ್ಮಗ ಎತ್ತಿಕೋ ಎಂದು ಬಂದರೆ ಕುರ್ಚಿಯಲ್ಲಿ ಕೂತು ಪಕ್ಕಕ್ಕೆ ಕರೆದುಕೊಳ್ಳಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕಿದರೆ ಒತ್ತಡವೆಲ್ಲ ಅಲ್ಲಿಗೇ ಬೀಳುತ್ತದೆ. ವಾಕಿಂಗ್ ಮಾತ್ರ ಮೊದಲ ವಾರದಿಂದಲೇ ಮಾಡಿ.

ಜ್ವರ, ಗಾಯದಲ್ಲಿ ಕೀವು, ಪಂಪಿನ ಮೇಲಿನ ಚರ್ಮ ಕೆಂಪಾಗಿ ಅಂಟಿಕೊಂಡಂತಾಗುವುದು, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು. ಇವುಗಳಲ್ಲಿ ಒಂದಾದರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 7: ಆನ್ ಮಾಡುವ ದಿನ

ಸ್ಫಿಂಕ್ಟರ್ ಹಾಕಿಸಿಕೊಂಡವರಿಗೆ ಇದು ನಿಜವಾದ ಆಪರೇಷನ್ ದಿನ ಇದ್ದ ಹಾಗೆ. ಡಾಕ್ಟರು ಪಂಪನ್ನು ಗಟ್ಟಿಯಾಗಿ ಒತ್ತುತ್ತಾರೆ, ಒಳಗೆ ಸಿಕ್ಕಿಕೊಂಡ ಗುಂಡಿ ಬಿಟ್ಟುಕೊಳ್ಳುತ್ತದೆ. ಇನ್ನೂ ನೋವಿರುತ್ತದೆ, ಸ್ವಲ್ಪ ಹಲ್ಲು ಕಚ್ಚಬೇಕು. ಆಮೇಲೆ ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ.

ಒಂದು ಕೈಯ ಹೆಬ್ಬೆರಳು, ತೋರುಬೆರಳಿನಿಂದ ಪಂಪಿನ ಮೇಲಿನ ಗಟ್ಟಿ ಭಾಗ ಹಿಡಿದುಕೊಳ್ಳಿ, ಜಾರುತ್ತದೆ. ಇನ್ನೊಂದು ಕೈಯಿಂದ ಕೆಳಗಿನ ಮೆತ್ತನೆಯ ಉಬ್ಬನ್ನು ಅದುಮಿ ಬಿಡಿ. ಮತ್ತೆ ಅದುಮಿ ಬಿಡಿ. ಎರಡು ಮೂರು ಸಲಕ್ಕೆ ಅದು ಚಪ್ಪಟೆಯಾಗಿ, ಕಿತ್ತಳೆ ತೊಳೆಯ ರಸ ಹಿಂಡಿದ ಮೇಲಿನ ಸಿಪ್ಪೆಯ ಹಾಗಾಗುತ್ತದೆ. ಈಗ ಮೂತ್ರ ಮಾಡಿ. ಮುಚ್ಚಲು ಏನೂ ಮಾಡಬೇಕಿಲ್ಲ. ಇನ್ನೂ ಬರುತ್ತದೆ ಅನಿಸುತ್ತಿರುವಾಗಲೇ ಮುಚ್ಚಿಕೊಂಡರೆ ಮತ್ತೊಮ್ಮೆ ಒತ್ತಿ. ಒತ್ತದೆ ತಿಣುಕಿ ಮೂತ್ರ ಮಾಡುವ ಅಭ್ಯಾಸ ಬೇಡ, ಕಫ್ ನಾಳವನ್ನು ಸವೆಸುತ್ತದೆ. ಪಂಪಿನ ಮೇಲಿರುವ ಸಣ್ಣ ಆಫ್ ಗುಂಡಿ ಎಲ್ಲಿದೆ ಎಂದು ಬೆರಳಿನಿಂದ ಮುಟ್ಟಿ ಗುರುತಿಟ್ಟುಕೊಂಡೇ ಅಲ್ಲಿಂದ ಏಳಿ. ತಪ್ಪಿ ಒತ್ತಿಹೋಗಿ "ಮತ್ತೆ ಸೋರುತ್ತಿದೆ" ಎಂದು ಬರುವವರು ಕಡಿಮೆಯಿಲ್ಲ.

ದಾಂಪತ್ಯದ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಆನ್ ಆಗಿ, ನೋವು ಇಳಿದ ಮೇಲೆ ಡಾಕ್ಟರನ್ನು ಕೇಳಿ ಮುಂದುವರಿಯಬಹುದು.

ಹಂತ 8: ಪರ್ಸಿನಲ್ಲಿ ಒಂದು ಕಾರ್ಡು

ನಾಲ್ಕು ವರ್ಷದ ನಂತರ ಮಂಡಿ ಚಿಪ್ಪು ಬದಲಾಯಿಸಲು ಹೋಗುತ್ತೀರಿ. ಅಥವಾ ರಾತ್ರಿ ಎದೆನೋವೆಂದು ಎಮರ್ಜೆನ್ಸಿಗೆ ಒಯ್ಯುತ್ತಾರೆ. ಅಲ್ಲಿಯವರು ರೂಢಿಯಂತೆ ಕ್ಯಾಥೆಟರ್ ಹಾಕಲು ನೋಡುತ್ತಾರೆ. ಒಳಗೆ ಹೋಗುವುದಿಲ್ಲ, ಕಫ್ ಮುಚ್ಚಿದೆ. ಇನ್ನಷ್ಟು ತಳ್ಳುತ್ತಾರೆ. ಮೂತ್ರನಾಳ ಹರಿಯುತ್ತದೆ, ಕಫ್ ಒಳಕ್ಕೆ ತೂರಿಕೊಳ್ಳುತ್ತದೆ, ಪೂರ್ತಿ ಯಂತ್ರ ತೆಗೆಯಬೇಕಾಗುತ್ತದೆ. ಮತ್ತೆ ಹಾಕಲು ತಿಂಗಳುಗಟ್ಟಲೆ ಕಾಯಬೇಕು. ಯಾರೂ ಬೇಕೆಂದು ಮಾಡಿದ್ದಲ್ಲ, ಅವರಿಗೆ ಗೊತ್ತೇ ಇರಲಿಲ್ಲ.

ಕ್ಯಾಥೆಟರ್ ಹಾಕುವ ಮುನ್ನ ಕಫ್ ತೆರೆದು, ಗುಂಡಿ ಒತ್ತಿ ಆಫ್ ಮಾಡಬೇಕು. ಸಣ್ಣ ಅಳತೆಯದನ್ನೇ ಹಾಕಬೇಕು, ಆದಷ್ಟು ಬೇಗ ತೆಗೆಯಬೇಕು. ಆಪರೇಷನ್ ಆದ ಆಸ್ಪತ್ರೆಯಿಂದ ಯಂತ್ರದ ಮಾದರಿ, ಹಾಕಿದ ತಾರೀಕು, ಕಫ್ ಅಳತೆ ಬರೆದ ಕಾರ್ಡ್ ಕೇಳಿ ಪಡೆಯಿರಿ. ಎಂಆರ್‌ಐ ಮಾಡಿಸುವಾಗಲೂ ಅದನ್ನೇ ತೋರಿಸಬೇಕು. ಅದರ ಹಿಂದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಹೀಗೆ ಬರೆದು ಪರ್ಸಿನಲ್ಲಿಡಿ:

"ನನ್ನ ಮೂತ್ರನಾಳದ ಸುತ್ತ ಕೃತಕ ಸ್ಫಿಂಕ್ಟರ್ ಇದೆ. ಅದನ್ನು ಆಫ್ ಮಾಡದೆ ಕ್ಯಾಥೆಟರ್ ಹಾಕಬೇಡಿ. ಯುರಾಲಜಿಸ್ಟ್‌ಗೆ ಫೋನ್ ಮಾಡಿ."

ಕೆಳಗೆ ಸರ್ಜನ್ ನಂಬರ್. ಕಾರ್ಡಿನ ಫೋಟೋ ಹೆಂಡತಿಯ ಫೋನಿನಲ್ಲಿ, ಮಕ್ಕಳ ಫೋನಿನಲ್ಲಿ ಇರಲಿ. ನಿಮಗೆ ಪ್ರಜ್ಞೆ ಇಲ್ಲದಾಗ ಮಾತಾಡಬೇಕಾದವರು ಅವರೇ.